ಗಂಟಿನ ಒಳಗುಟ್ಟು

ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಒಳಗೆ ನೀರು ಕುಲುಕಿದ ಸದ್ದು ಕೇಳಿದರೆ ಕಾಯಿ ಚೆನ್ನಾಗಿದೆಯೆಂದು ತಿಳಿದು ಹಣ ಕೊಡುತ್ತಾರೆ. ಹಲಸಿನ ಹಣ್ಣನ್ನು ಬೆರಳಿನಿಂದ ತಟ್ಟಿ, ಬಂದ ಸದ್ದಿನಿಂದಲೇ ಅದು ಮಾಗಿದೆಯೋ ಇಲ್ಲವೋ ಎಂದು ಹೇಳಬಲ್ಲವರು ನಮ್ಮ ಹಳ್ಳಿಗಳಲ್ಲಿ ಹಲವರುಂಟು. ಒಡೆಯದೆ, ಕೊಯ್ಯದೆ ಒಳಗನ್ನು ತಿಳಿಯುವ ಈ ವಿದ್ಯೆ ವೈದ್ಯರಿಗೂ ನಿತ್ಯದ ಅಗತ್ಯ. ತೆಂಗಿನಕಾಯಿಯ ವಿಷಯದಲ್ಲಿ ಊಹೆ ತಪ್ಪಿದರೆ ಕೆಲವು ರೂಪಾಯಿಗಳ ನಷ್ಟ. ಮನುಷ್ಯದೇಹದ ಗಂಟಿನ ವಿಷಯದಲ್ಲಿ ತಪ್ಪಿದರೆ ಆಗುವ ನಷ್ಟವನ್ನು ರೂಪಾಯಿಗಳಲ್ಲಿ ಎಣಿಸಲಾಗದು.

ಸ್ತ್ರೀಯರ ಹೊರ ಜನನಾಂಗಕ್ಕೆ ವೈದ್ಯಶಾಸ್ತ್ರದಲ್ಲಿ ಭಗವೆಂದು ಹೆಸರು. ಆ ಭಾಗದಲ್ಲಿ ಅಪರೂಪವಾಗಿ ಹುಟ್ಟುವ ಗಂಟುಗಳನ್ನು ಕುರಿತು ಈ ಲೇಖನ. ಹೃದಯವನ್ನೋ ಮೂತ್ರಪಿಂಡವನ್ನೋ ಕುರಿತು ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ಇದನ್ನು ಕುರಿತು ಬರೆದರೆ ವಾಚಕರಲ್ಲಿ ಕೆಲವರಿಗಾದರೂ ಸಂಕೋಚವಾದೀತು. ಆದರೆ ಈ ರೋಗಗಳಿಗೆ ಬಲ ಕೊಡುವುದು ಆ ಸಂಕೋಚವೇ. ಎಷ್ಟೋ ಹೆಣ್ಣುಮಕ್ಕಳು ಗಂಟನ್ನು ಕಂಡ ಮೇಲೂ ಹೆತ್ತ ತಾಯಿಗೂ ಹೇಳದೆ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಬೆಲ್ಲ ಸುಣ್ಣದ ಪಟ್ಟು ಹಾಕಿಕೊಂಡು ಕಾಯುತ್ತಾರೆ. ಕೂರಲು ನಡೆಯಲು ಅಡ್ಡಿಯಾದ ಮೇಲೆ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ. ನಾವು ವೈದ್ಯರಲ್ಲ, ಭೌತವಿಜ್ಞಾನದ ಪಾಠ ಹೇಳುವವರು. ಆದರೂ ಈ ವಿಷಯಕ್ಕೆ ಕೈ ಹಾಕಲು ಕಾರಣವುಂಟು. ಈ ಗಂಟುಗಳ ಗುಟ್ಟನ್ನು ಬಿಡಿಸುವ ಉಪಕರಣಗಳಲ್ಲಿ ಹೆಚ್ಚಿನವು ಬೆಳಕು, ಶಬ್ದ, ಕಾಂತತ್ವ ಎಂದು ನಾವು ತರಗತಿಯ ಕಪ್ಪುಹಲಗೆಯ ಮೇಲೆ ಬರೆಯುವ ಪಾಠಗಳಿಂದಲೇ ಹುಟ್ಟಿದವು.

ಮೊದಲು ಸ್ಥಳದ ಪರಿಚಯ ಮಾಡಿಕೊಳ್ಳೋಣ. ಭಗವು ಮೂರು ಕೇರಿಗಳು ಬಂದು ಕೂಡುವ ಚೌಕದ ಹಾಗೆ. ಅಲ್ಲಿ ಚರ್ಮವಿದೆ, ಚರ್ಮದ ಕೆಳಗೆ ಕೊಬ್ಬು ಮತ್ತು ಸಣ್ಣ ಗ್ರಂಥಿಗಳಿವೆ. ಇದು ಒಂದು ಕೇರಿ. ಮೇಲುಗಡೆ ತೊಡೆಸಂದಿನ ಕಾಲುವೆಯ ಮೂಲಕ ಹೊಟ್ಟೆಯೊಂದಿಗೆ ಸಂಪರ್ಕವಿದೆ, ಇದು ಎರಡನೆಯದು. ಒಳಗೆ, ಆಳದಲ್ಲಿ, ಮೂತ್ರಾಶಯ ಗರ್ಭಾಶಯಗಳನ್ನು ಹೊತ್ತಿರುವ ಶ್ರೋಣಿಕುಹರವಿದೆ, ಇದು ಮೂರನೆಯದು. ಇವುಗಳಲ್ಲಿ ಯಾವ ಕೇರಿಯಿಂದ ಬಂದ ಗಂಟಾದರೂ ಕೊನೆಗೆ ಈ ಚೌಕದಲ್ಲಿಯೇ ತಲೆ ಎತ್ತುತ್ತದೆ. ಹೊರಗಿನ ಕಣ್ಣಿಗೆ ಎಲ್ಲವೂ ಒಂದೇ ಬಗೆ: ಚರ್ಮದ ಕೆಳಗೊಂದು ಉಬ್ಬು. ಅದು ಎಲ್ಲಿಂದ ಬಂತು, ಅದರ ಬೇರು ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ಕತ್ತಿ ಹಿಡಿಯುವ ಮೊದಲೇ ಅರಿಯಬೇಕು.

ಈ ಭಾಗದಲ್ಲಿ ಹೆಚ್ಚಾಗಿ ಕಾಣುವ ಗಂಟು ಅಪರೂಪದ್ದಲ್ಲ, ಅಪಾಯದ್ದೂ ಅಲ್ಲ. ಕ್ಯಾಸ್ಪರ್ ಬಾರ್ಥೊಲಿನ್ ಎಂಬ ಡೆನ್ಮಾರ್ಕಿನ ಅಂಗರಚನಾ ಶಾಸ್ತ್ರಜ್ಞನು 1677ರಲ್ಲಿ ವರ್ಣಿಸಿದ ಎರಡು ಗ್ರಂಥಿಗಳು ಯೋನಿದ್ವಾರದ ಇಕ್ಕೆಲಗಳಲ್ಲಿ ಹಿಂಭಾಗಕ್ಕೆ ಇವೆ. ಒಂದೊಂದೂ ಬಟಾಣಿ ಕಾಳಿನಷ್ಟು. ಅವುಗಳಿಂದ ಜಾರುವ ದ್ರವವನ್ನು ಹೊರಕ್ಕೆ ತರುವ ಸಣ್ಣ ನಾಳ ಮುಚ್ಚಿಕೊಂಡರೆ ದ್ರವ ಹಿಂದೆ ನಿಂತು ಚೀಲದಂತೆ ಉಬ್ಬುತ್ತದೆ. ಕೀವಾದರೆ ಅಸಹನೀಯವಾದ ನೋವು. ಬರಿದೆ ಸೀಳಿ ಕೀವು ತೆಗೆದರೆ ಗಾಯ ಬೇಗ ಕೂಡಿಕೊಂಡು ಚೀಲ ಮತ್ತೆ ತುಂಬುವುದುಂಟು. ಇದಕ್ಕೆ 1964ರಲ್ಲಿ ಬ್ಯೂಫೋರ್ಡ್ ವರ್ಡ್ ಎಂಬ ಅಮೆರಿಕದ ವೈದ್ಯರು ಒಂದು ಸುಲಭೋಪಾಯವನ್ನು ಪ್ರಕಟಿಸಿದರು. ತುದಿಯಲ್ಲಿ ಪುಟ್ಟ ಬುಗ್ಗೆಯಿರುವ ರಬ್ಬರಿನ ಸಣ್ಣ ನಳಿಕೆಯನ್ನು ಸೀಳಿನೊಳಗೆ ತೂರಿಸಿ, ಬುಗ್ಗೆಗೆ ಸುಮಾರು 3 ಮಿಲಿಲೀಟರು ದ್ರವ ತುಂಬಿ, ಕೆಲವು ವಾರಗಳ ಕಾಲ ಅಲ್ಲಿಯೇ ಬಿಡುವುದು. ಅಷ್ಟರಲ್ಲಿ ನಳಿಕೆಯ ಸುತ್ತ ಚರ್ಮ ಬೆಳೆದು ಶಾಶ್ವತವಾದ ಹೊಸ ದ್ವಾರ ಏರ್ಪಡುತ್ತದೆ. ಕಿವಿ ಚುಚ್ಚಿದ ಮೇಲೆ ತೂತು ಮುಚ್ಚದಿರಲೆಂದು ನಮ್ಮ ಅಜ್ಜಿಯರು ಬೇವಿನ ಕಡ್ಡಿ ಸಿಕ್ಕಿಸುತ್ತಿದ್ದರಲ್ಲವೆ? ತತ್ತ್ವ ಅದೇ.

ತೊಂದರೆ ಹುಟ್ಟುವುದು ಇಲ್ಲಿಂದ ಮುಂದೆ. ನೂರು ಗಂಟುಗಳಲ್ಲಿ ಬಹುಪಾಲು ಸಾಧಾರಣವಾದವೇ ಆಗಿರುವುದರಿಂದ, ಆ ಜಾಗದ ಯಾವ ಉಬ್ಬನ್ನು ಕಂಡರೂ ‘ಬಾರ್ಥೊಲಿನ್ ಚೀಲ’ ಎಂಬ ಹೆಸರು ನಾಲಗೆಯ ತುದಿಗೆ ಬಂದುಬಿಡುತ್ತದೆ. ಆದುದರಿಂದಲೇ ನಲವತ್ತು ವರ್ಷ ದಾಟಿದ ಸ್ತ್ರೀಯಲ್ಲಿ ಅಂಥ ಗಂಟು ಹೊಸದಾಗಿ ಕಾಣಿಸಿಕೊಂಡರೆ, ಅದರ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡದೆ ಬಿಡಬಾರದೆಂದು ವೈದ್ಯರು ನಿಯಮ ಮಾಡಿಕೊಂಡಿದ್ದಾರೆ.

ಎರಡನೆಯ ಕೇರಿಯಿಂದ ಬರುವ ಗಂಟು ಇನ್ನೊಂದು ಬಗೆಯದು. ಭ್ರೂಣದಲ್ಲಿ ಹೊಟ್ಟೆಯ ಒಳಪೊರೆಯ ಸಣ್ಣ ಬೆರಳೊಂದು ಗರ್ಭಾಶಯದ ದುಂಡು ರಜ್ಜುವಿನ ಜೊತೆಯಲ್ಲಿ ತೊಡೆಸಂದಿನ ಕಾಲುವೆಯ ಮೂಲಕ ಭಗದ ದೊಡ್ಡ ತುಟಿಯವರೆಗೆ ಇಳಿದುಬರುತ್ತದೆ. ಸಾಮಾನ್ಯವಾಗಿ ಅದು ತಾನೇ ಮುಚ್ಚಿಹೋಗುತ್ತದೆ. ಮುಚ್ಚದೆ ಉಳಿದರೆ ಅದಕ್ಕೆ ನಕ್ ಕಾಲುವೆಯೆಂದು ಹೆಸರು. ಹದಿನೇಳನೆಯ ಶತಮಾನದ ಡಚ್ಚರ ಅಂಗರಚನಾ ಶಾಸ್ತ್ರಜ್ಞ ಆಂಟನ್ ನಕ್ ಅದನ್ನು ವರ್ಣಿಸಿದವನು. ಅದರಲ್ಲಿ ಬರಿಯ ನೀರು ನಿಂತರೆ ನಿರುಪದ್ರವಿಯಾದ ನೀರ್ಗಂಟು. ಆದರೆ ಅದೇ ದಾರಿಯಲ್ಲಿ ಕರುಳಿನ ಸುತ್ತೊಂದು ಇಳಿದುಬರಬಹುದು. ಹೆಣ್ಣುಕೂಸುಗಳಲ್ಲಿ ಅಂಡಾಶಯವೇ ಇಳಿದುಬಂದು ಪುಟ್ಟ ಗೋಲಿಯಂತೆ ಕೈಗೆ ಸಿಗುವುದೂ ಉಂಟು. ಕೀವಿನ ಗುಳ್ಳೆಯೆಂದು ತಿಳಿದು ಅದಕ್ಕೆ ಕತ್ತಿ ತಾಗಿಸಿದರೆ ಗತಿಯೇನು? ತಿರುಚಿಕೊಂಡ ಅಂಡಾಶಯಕ್ಕೆ ರಕ್ತ ನಿಂತುಹೋಗುವ ಭಯವಿರುವುದರಿಂದ, ಸುಮ್ಮನೆ ಕಾಯುವುದೂ ಸಲ್ಲದು.

ಇಲ್ಲಿ ವೈದ್ಯನ ಮೊದಲ ಸಾಧನಗಳು ಬಹಳ ಅಗ್ಗವಾದವು. ರೋಗಿಗೆ ಕೆಮ್ಮಲು ಹೇಳುತ್ತಾನೆ. ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಪಾಸ್ಕಲನ ನಿಯಮದಂತೆ ಆ ಒತ್ತಡ ಹೊಟ್ಟೆಯೊಂದಿಗೆ ಸಂಪರ್ಕವಿರುವ ಎಲ್ಲ ಕಡೆಗೂ ಹರಡುತ್ತದೆ. ಗಂಟು ಕೈಗೆ ಒದ್ದಂತಾದರೆ ಅದು ಹೊಟ್ಟೆಯಿಂದ ಬಂದದ್ದು, ಎಂದರೆ ಹರ್ನಿಯ. ಎರಡನೆಯದು ಬೆಳಕು. ಕತ್ತಲ ಕೋಣೆಯಲ್ಲಿ ಸಣ್ಣ ಟಾರ್ಚನ್ನು ಗಂಟಿಗೆ ಒತ್ತಿ ಹಿಡಿದರೆ, ತಿಳಿನೀರಿನ ಗಂಟು ಕೆಂಪು ಲಾಟೀನಿನಂತೆ ಬೆಳಗುತ್ತದೆ. ಗಟ್ಟಿಯಾದುದು ಕಪ್ಪಾಗಿಯೇ ಉಳಿಯುತ್ತದೆ. ಅಗ್ಗದ ಸಾಧನಗಳಿಗೆ ಮಿತಿಯೂ ಉಂಟು. ಎಳೆಕೂಸಿನ ಕರುಳಿನ ಗೋಡೆ ಎಷ್ಟು ತೆಳುವೆಂದರೆ ಅದರ ಮೂಲಕವೂ ಬೆಳಕು ಹಾಯುತ್ತದೆ. ಹೀಗಾಗಿ ಬೆಳಗಿದ ಗಂಟೆಲ್ಲ ನೀರಲ್ಲ.

ಈಗ ಶಬ್ದಕ್ಕೆ ಬರೋಣ. 1955ರ ಜುಲೈ ತಿಂಗಳಲ್ಲಿ ಸ್ಕಾಟ್ಲೆಂಡಿನ ರೆನ್‌ಫ್ರೂ ಎಂಬಲ್ಲಿದ್ದ ಬಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಎಂಬ ಬಾಯ್ಲರು ತಯಾರಿಸುವ ಕಾರ್ಖಾನೆಗೆ ವಿಚಿತ್ರವಾದ ಸರಕು ಬಂತು. ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾದ ಇಯನ್ ಡೊನಾಲ್ಡ್ ಅವರು ಶಸ್ತ್ರಕ್ರಿಯೆಯಲ್ಲಿ ಆಗತಾನೆ ತೆಗೆದ ಗೆಡ್ಡೆಗಳನ್ನೂ ನೀರ್ಚೀಲಗಳನ್ನೂ ಮೋಟಾರು ಕಾರುಗಳ ಹಿಂಬದಿಯಲ್ಲಿ ತುಂಬಿಕೊಂಡು ಬಂದಿದ್ದರು. ಹೋಲಿಸಿ ನೋಡಲೆಂದು ದನದ ಮಾಂಸದ ದೊಡ್ಡ ತುಂಡೂ ಇತ್ತು. ಉಕ್ಕಿನ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸಲು ಕಾರ್ಖಾನೆಯವರು ಶ್ರವಣಾತೀತ ಶಬ್ದದ ಯಂತ್ರವನ್ನು ಬಳಸುತ್ತಿದ್ದರು. ಅದೇ ಯಂತ್ರ ಗೆಡ್ಡೆಗೂ ನೀರ್ಚೀಲಕ್ಕೂ ಇರುವ ಭೇದವನ್ನು ತೋರಿಸೀತೆ ಎಂಬುದು ಡೊನಾಲ್ಡರ ಪ್ರಶ್ನೆ. ಯಂತ್ರ ತೋರಿಸಿತು. ಟಾಮ್ ಬ್ರೌನ್ ಎಂಬ ತರುಣ ಯಂತ್ರಶಿಲ್ಪಿ ಮತ್ತು ಜಾನ್ ಮ್ಯಾಕ್‌ವಿಕಾರ್ ಎಂಬ ವೈದ್ಯರ ಜೊತೆಗೂಡಿ ಅವರು ತಮ್ಮ ಕೆಲಸವನ್ನು 1958ರ ಜೂನ್ 7ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಕಾಲದ ರೋಗಿಗಳಲ್ಲಿ ಒಬ್ಬ ಸ್ತ್ರೀಗೆ ಗುಣಪಡಿಸಲಾಗದ ಜಠರದ ಕ್ಯಾನ್ಸರೆಂದು ನಿರ್ಣಯವಾಗಿತ್ತು. ಯಂತ್ರವು ಆಕೆಯ ಹೊಟ್ಟೆಯಲ್ಲಿ ದೊಡ್ಡದೊಂದು ನೀರ್ಚೀಲವನ್ನು ತೋರಿಸಿತು. ಅಂಡಾಶಯದಿಂದ ಬೆಳೆದಿದ್ದ ಆ ಚೀಲವನ್ನು ತೆಗೆದ ಮೇಲೆ ಆಕೆ ಬದುಕಿದಳು. ಹೆಸರು ತಪ್ಪಿದ ಗಂಟಿಗೆ ಸರಿಯಾದ ಹೆಸರು ಕೊಟ್ಟುದರ ಫಲ ಅದು.

ಯಂತ್ರದ ತತ್ತ್ವ ಸರಳ. ನಮ್ಮ ಮೃದು ಅಂಗಾಂಶಗಳಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,540 ಮೀಟರು. ಒಂದು ಪದರದಿಂದ ಇನ್ನೊಂದು ಪದರಕ್ಕೆ ಹೋಗುವಾಗ ಸಾಂದ್ರತೆಯೂ ವೇಗವೂ ಬದಲಾದರೆ ಶಬ್ದದ ಒಂದಂಶ ಮಾರ್ದನಿಯಾಗಿ ಹಿಂದಿರುಗುತ್ತದೆ. ಮಾರ್ದನಿ ಬರಲು ಹಿಡಿದ ಸಮಯವನ್ನು ಅಳೆದರೆ ಆಳ ಗೊತ್ತಾಗುತ್ತದೆ. ತಿಳಿನೀರಿನೊಳಗೆ ಪದರಗಳಿಲ್ಲ, ಆದುದರಿಂದ ನೀರ್ಚೀಲ ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ, ಅದರ ಹಿಂದಿನ ಭಾಗ ಹೆಚ್ಚು ಬೆಳ್ಳಗೆ ಕಾಣುತ್ತದೆ. ಕಂಪನಸಂಖ್ಯೆ ಹೆಚ್ಚಿದಷ್ಟೂ ಸೂಕ್ಷ್ಮ ವಿವರ ಹೆಚ್ಚು. ಸೆಕೆಂಡಿಗೆ ಒಂದು ಕೋಟಿ ಕಂಪನಗಳಿದ್ದರೆ ತರಂಗದ ಉದ್ದ 0.15 ಮಿಲಿಮೀಟರಿಗಿಂತ ತುಸು ಮಾತ್ರ ಹೆಚ್ಚು. ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಆದರೆ ಕಂಪನಸಂಖ್ಯೆ ಏರಿದಂತೆ ಶಬ್ದವು ಬೇಗ ಹೀರಿಹೋಗುತ್ತದೆ, ಆಳಕ್ಕೆ ಇಳಿಯಲಾರದು. ಚರ್ಮದಡಿಯ ಗಂಟನ್ನು ಚೆನ್ನಾಗಿ ಕಾಣುವ ಕಂಪನ ಶ್ರೋಣಿಯ ಆಳವನ್ನು ಕಾಣುವುದಿಲ್ಲ. ಈ ಕೊರತೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮೂರನೆಯ ಕೇರಿಯ ಗಂಟಿಗೆ ಇದೇ ಅಡ್ಡಬರುತ್ತದೆ.

ಆ ಗಂಟಿಗೆ ಮೊದಲು ನಾಮಕರಣ ಮಾಡಿದವರು ಸ್ಟೀಪರ್ ಮತ್ತು ರೊಸಾಯ್ ಎಂಬ ರೋಗಶಾಸ್ತ್ರಜ್ಞರು. 1983ರಲ್ಲಿ ಅವರು ಒಂಬತ್ತು ಮಂದಿ ಸ್ತ್ರೀಯರ ವೃತ್ತಾಂತಗಳನ್ನು ಒಂದೆಡೆ ಸೇರಿಸಿ, ಇದೊಂದು ಪ್ರತ್ಯೇಕವಾದ ರೋಗವೆಂದು ತೋರಿಸಿ, ಅದಕ್ಕೆ ಅಗ್ರೆಸಿವ್ ಆಂಜಿಯೊಮಿಕ್ಸೋಮ ಎಂದು ಹೆಸರಿಟ್ಟರು. ಹೆಸರು ಉದ್ದವಾದರೂ ಅರ್ಥ ಕಠಿನವಲ್ಲ: ರಕ್ತನಾಳಗಳು ಹೆಣೆದುಕೊಂಡ, ಲೋಳೆಯಂಥ, ಆಕ್ರಮಿಸುವ ಗಂಟು. ಲೋಳೆಸರದ ಎಲೆಯನ್ನು ಸೀಳಿದಾಗ ಕಾಣುವ ತಿರುಳಿನಂಥ ಮೆತ್ತನೆಯ ವಸ್ತು. ನಡುವೆ ಅಲ್ಲಲ್ಲಿ ಜೀವಕೋಶಗಳು, ದಪ್ಪಗೋಡೆಯ ರಕ್ತನಾಳಗಳು. ಹೆಚ್ಚಾಗಿ ಮಕ್ಕಳನ್ನು ಹೆರುವ ವಯಸ್ಸಿನ ಸ್ತ್ರೀಯರಲ್ಲಿ ಕಾಣಿಸಿಕೊಳ್ಳುತ್ತದೆ. ನೋವಿಲ್ಲ. ಬೆಳವಣಿಗೆ ನಿಧಾನ. ಕ್ಯಾನ್ಸರಿನಂತೆ ದೂರದ ಅಂಗಗಳಿಗೆ ಹಾರಿಹೋಗುವುದು ತೀರ ವಿರಳ. ಹಾಗಾದರೆ ಆಕ್ರಮಣವೆಲ್ಲಿಂದ ಬಂತು? ಅದು ನೆಲದ ಕೆಳಗಿನ ಆಕ್ರಮಣ. ಗದ್ದೆಯಲ್ಲಿ ಗರಿಕೆ ಹಬ್ಬುವಂತೆ ಕೊಬ್ಬಿನ ನಡುವೆ, ಸ್ನಾಯುಗಳ ನಡುವೆ, ಮೂತ್ರನಾಳ ಗುದನಾಳಗಳ ಪಕ್ಕದಲ್ಲಿ ಸ್ಪಷ್ಟವಾದ ಎಲ್ಲೆಯಿಲ್ಲದೆ ಹಬ್ಬುತ್ತದೆ. ಹೊರಗೆ ನಿಂಬೆಹಣ್ಣಿನಷ್ಟು ಕಾಣುವಾಗ ಒಳಗೆ ಶ್ರೋಣಿಯ ಅರ್ಧವನ್ನು ತುಂಬಿರಬಹುದು.

ಇದನ್ನು ಬಾರ್ಥೊಲಿನ್ ಚೀಲವೆಂದೋ ಕೊಬ್ಬಿನ ಗಂಟೆಂದೋ ಹರ್ನಿಯವೆಂದೋ ತಿಳಿದು ಶಸ್ತ್ರಕ್ರಿಯೆಗೆ ಕೈಹಾಕಿದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿ ಮೇಲಿಂದ ಮೇಲೆ ಬರುತ್ತವೆ. ಶಸ್ತ್ರವೈದ್ಯರು ಗಂಟನ್ನು ಬಿಡಿಸುತ್ತ ಹೋಗುತ್ತಾರೆ. ಚೀಲದ ತಳ ಸಿಗುವುದಿಲ್ಲ. ಮೆತ್ತನೆಯ ಬಾಲವೊಂದು ಆಳಕ್ಕೆ ಇಳಿದಿರುತ್ತದೆ. ಸಿಕ್ಕಷ್ಟನ್ನು ತೆಗೆದು ಗಾಯ ಹೊಲಿಯುತ್ತಾರೆ. ಕೆಲವು ವರ್ಷಗಳಲ್ಲಿ ಗಂಟು ಮರಳಿ ಬರುತ್ತದೆ. ಎರಡನೆಯ ಶಸ್ತ್ರಕ್ರಿಯೆ ಮೊದಲನೆಯದಕ್ಕಿಂತ ಕಷ್ಟ, ಹಳೆಯ ಗಾಯದ ಗಂಟುಗಳು ಅಡ್ಡಿ ಬರುತ್ತವೆ. ವೈದ್ಯರನ್ನು ದೂರಿ ಫಲವಿಲ್ಲ. ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ಇದನ್ನು ಕಾಣದ ವೈದ್ಯರೇ ಹೆಚ್ಚು. ಶ್ರವಣಾತೀತ ಶಬ್ದವೂ ಇಲ್ಲಿ ಮೋಸ ಹೋಗುವುದುಂಟು. ಲೋಳೆಯಲ್ಲಿ ನೀರಿನ ಅಂಶವೇ ಹೆಚ್ಚಾದುದರಿಂದ ಮಾರ್ದನಿಗಳು ಕ್ಷೀಣವಾಗಿ ಪರದೆಯ ಮೇಲೆ ನೀರ್ಚೀಲದಂತೆಯೇ ತೋರುತ್ತದೆ. ಸೂಜಿ ಚುಚ್ಚಿದರೆ ಮಾತ್ರ ನೀರು ಬರುವುದಿಲ್ಲ. ಡಾಪ್ಲರನ ತತ್ತ್ವದಂತೆ, ಚಲಿಸುವ ರಕ್ತದಿಂದ ಮರಳಿದ ಶಬ್ದದ ಕಂಪನಸಂಖ್ಯೆ ಬದಲಾಗಿರುತ್ತದೆ. ಅದನ್ನು ಬಣ್ಣದಲ್ಲಿ ತೋರಿಸುವ ಯಂತ್ರದಲ್ಲಿ ನೀರೆಂದುಕೊಂಡ ಗಂಟಿನೊಳಗೆ ರಕ್ತನಾಳಗಳು ಹರಿದಾಡಿದರೆ ವೈದ್ಯರ ಕಿವಿ ನೆಟ್ಟಗಾಗಬೇಕು.

ಆಗ ನೆರವಿಗೆ ಬರುವುದು ಕಾಂತ. ಜಲಜನಕದ ಪರಮಾಣುವಿನ ಬೀಜ, ಎಂದರೆ ಪ್ರೋಟಾನು, ಒಂದು ಪುಟ್ಟ ಕಾಂತದಂತೆ ವರ್ತಿಸುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿ ಅದು ಬುಗುರಿಯಂತೆ ವಾಲಿ ತಿರುಗುತ್ತದೆ, ಕ್ಷೇತ್ರ 1.5 ಟೆಸ್ಲಾ ಇದ್ದರೆ, ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು ಇದ್ದರೆ, ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸುತ್ತು. ಅದೇ ಕಂಪನಸಂಖ್ಯೆಯ ರೇಡಿಯೋ ಅಲೆಯನ್ನು ಕಳುಹಿಸಿದರೆ ಪ್ರೋಟಾನುಗಳೆಲ್ಲ ಒಂದೇ ತಾಳಕ್ಕೆ ತಿರುಗಿ, ತಾವೇ ಮಂದವಾದ ರೇಡಿಯೋ ಸಂಕೇತವನ್ನು ಹೊರಡಿಸುತ್ತವೆ. ಇದನ್ನು ದ್ರವ ಮತ್ತು ಘನ ವಸ್ತುಗಳಲ್ಲಿ 1946ರಲ್ಲಿ ಕಂಡ ಬ್ಲಾಕ್ ಮತ್ತು ಪರ್ಸೆಲ್ ಅವರಿಗೆ 1952ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂತು. ಅದರಿಂದ ದೇಹದ ಚಿತ್ರ ತೆಗೆಯುವ ಮಾರ್ಗವನ್ನು ತೋರಿದ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ವೈದ್ಯವಿಜ್ಞಾನದ ಬಹುಮಾನ ಬಂತು. ಅರ್ಧ ಶತಮಾನದ ಅಂತರ!

ತಾಳ ಎಷ್ಟು ಹೊತ್ತು ನಿಲ್ಲುತ್ತದೆಂಬುದರಲ್ಲಿ ಇಡೀ ಗುಟ್ಟಿದೆ. ಬಯಲಿನಲ್ಲಿ ಕೋಲಾಟ ಆಡುವವರು ಬಹಳ ಹೊತ್ತು ಹೆಜ್ಜೆ ತಪ್ಪುವುದಿಲ್ಲ. ಇಕ್ಕಟ್ಟಾದ ಪಡಸಾಲೆಯಲ್ಲಿ ಒಬ್ಬರ ಕೋಲು ಒಬ್ಬರಿಗೆ ತಗಲಿ ಬೇಗ ತಾಳ ಕೆಡುತ್ತದೆ. ಹಾಗೆಯೇ ಸಡಿಲವಾದ ನೀರಿನಲ್ಲಿ ಪ್ರೋಟಾನುಗಳ ತಾಳ ದೀರ್ಘಕಾಲ ಉಳಿಯುತ್ತದೆ. ಬಿಗಿಯಾದ ಸ್ನಾಯುವಿನಲ್ಲಿ ಸೆಕೆಂಡಿನ ನೂರರಲ್ಲಿ ನಾಲ್ಕೈದು ಪಾಲಿನಲ್ಲಿಯೇ ಕುಂದುತ್ತದೆ. ಈ ಅವಧಿಯನ್ನು ಆಧಾರವಾಗಿಟ್ಟುಕೊಂಡು ತೆಗೆದ ಚಿತ್ರದಲ್ಲಿ ನೀರು ತುಂಬಿದ ಲೋಳೆ ಬೆಳ್ಳಗೆ ಹೊಳೆಯುತ್ತದೆ, ಸುತ್ತಲಿನ ಸ್ನಾಯು ಕಪ್ಪಾಗಿರುತ್ತದೆ. ಬೆಳ್ಪಿನ ನಡುವೆ ಕಪ್ಪು ಎಳೆಗಳು ಸುಳಿಸುಳಿಯಾಗಿ ಹರಿದಿರುತ್ತವೆ. ತೊಳಸಿದ ಪಾಯಸದ ಮೇಲಿನ ಸುಳಿಯಂತೆ. ಈ ಸುಳಿ ಆಂಜಿಯೊಮಿಕ್ಸೋಮದ ಹೆಗ್ಗುರುತು. ಶಬ್ದಕ್ಕೆ ದಕ್ಕದ ಆಳವೂ ಇಲ್ಲಿ ದಕ್ಕುತ್ತದೆ. ಶ್ರೋಣಿಯ ತಳವಾಗಿರುವ ಸ್ನಾಯುವಿನ ತೊಟ್ಟಿಲನ್ನು ಗಂಟು ದಾಟಿದೆಯೆ ಇಲ್ಲವೆ ಎಂಬುದನ್ನು ಚಿತ್ರ ತೋರಿಸುತ್ತದೆ. ದಾಟಿಲ್ಲವಾದರೆ ಕೆಳಗಿನಿಂದಲೇ ತೆಗೆಯಬಹುದು. ದಾಟಿದ್ದರೆ ಹೊಟ್ಟೆಯ ಕಡೆಯಿಂದಲೂ ಕೆಳಗಿನಿಂದಲೂ ಎರಡು ದಾರಿ ಹಿಡಿದು ಹೋಗಬೇಕಾದೀತು. ಹೆಚ್ಚು ರಕ್ತಸ್ರಾವವಾಗುವ ಭಯವಿದ್ದರೆ ಗಂಟಿಗೆ ರಕ್ತ ತರುವ ನಾಳವನ್ನು ಮೊದಲೇ ಮುಚ್ಚುವುದೂ ಉಂಟು. ಕೊನೆಯ ತೀರ್ಪು ಮಾತ್ರ ಸೂಕ್ಷ್ಮದರ್ಶಕದ್ದೇ. ಚಿತ್ರ ಎಷ್ಟೇ ಸೊಗಸಾಗಿದ್ದರೂ ತುಣುಕನ್ನು ನೋಡಿದ ರೋಗಶಾಸ್ತ್ರಜ್ಞರ ಮಾತಿಗೆ ಅದು ಸಮವಲ್ಲ.

ಇದೇ ಭಾಗದ ಕ್ಯಾನ್ಸರಿನ ಮಾತನ್ನೂ ಇಲ್ಲಿ ಹೇಳಬೇಕು. ಅದೂ ವಿರಳವೇ, ಹೆಚ್ಚಾಗಿ ಇಳಿವಯಸ್ಸಿನವರಿಗೆ ಬರುವುದು; ಮಾಯದ ಹುಣ್ಣು, ಬಿಡದ ತುರಿಕೆ, ಚರ್ಮದ ಮೇಲಿನ ಗಡಸು ಗಂಟು ಅದರ ಲಕ್ಷಣಗಳು. ಹಿಂದೆ ಇಡೀ ಭಾಗವನ್ನೂ ಎರಡು ತೊಡೆಸಂದುಗಳ ದುಗ್ಧರಸ ಗ್ರಂಥಿಗಳನ್ನೂ ಒಟ್ಟಿಗೆ ತೆಗೆದುಹಾಕುತ್ತಿದ್ದರು. ಪ್ರಾಣ ಉಳಿದರೂ ಗಾಯ ಬಿರಿಯುವುದು, ಕಾಲು ಜೀವಮಾನವೆಲ್ಲ ಬಾತಿರುವುದು ಸಾಮಾನ್ಯವಾಗಿತ್ತು. ಈಗ ಗಂಟು 4 ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು ಗ್ರಂಥಿಗಳಲ್ಲಿ ರೋಗದ ಸುಳಿವಿಲ್ಲದಿದ್ದರೆ ಬೇರೆ ಹಾದಿಯಿದೆ. ಗಂಟಿನ ಸುತ್ತ ಟೆಕ್ನೀಷಿಯಮ್ ಎಂಬ ವಿಕಿರಣಶೀಲ ಧಾತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚುತ್ತಾರೆ. ಆರು ಗಂಟೆಗಳಲ್ಲಿ ಅದರ ಅರ್ಧ ಅಳಿದುಹೋಗುವುದರಿಂದ ದೇಹದಲ್ಲಿ ಬಹುಕಾಲ ನಿಲ್ಲದು. ದುಗ್ಧರಸದೊಡನೆ ಹರಿದು ಅದು ಮೊದಲು ಸೇರುವ ಗ್ರಂಥಿಯೇ ಕಾವಲುಗಾರ. ಕ್ಯಾನ್ಸರು ಹೊರಟಿದ್ದರೆ ಮೊದಲು ಅಲ್ಲಿಗೆ ಹೋಗಿರಬೇಕು. ಗ್ಯಾಮಾ ಕಿರಣಗಳನ್ನು ಗುರುತಿಸುವ ಕಡ್ಡಿಯಂಥ ಉಪಕರಣದಿಂದ ಆ ಗ್ರಂಥಿಯನ್ನು ಹುಡುಕಿ ತೆಗೆದು ಪರೀಕ್ಷಿಸುತ್ತಾರೆ. ಅಲ್ಲಿ ರೋಗವಿಲ್ಲದಿದ್ದರೆ ಉಳಿದ ಗ್ರಂಥಿಗಳನ್ನು ಮುಟ್ಟುವುದಿಲ್ಲ. ಯೂರೋಪಿನ ಹಲವು ಆಸ್ಪತ್ರೆಗಳು ಕೂಡಿ ನಡೆಸಿದ ಪರಿಶೀಲನೆಯ ಫಲ 2008ರಲ್ಲಿ ಪ್ರಕಟವಾದ ಮೇಲೆ ಈ ಪದ್ಧತಿ ಬೇರೂರಿತು.

ಆಂಜಿಯೊಮಿಕ್ಸೋಮದ ಚಿಕಿತ್ಸೆಯೂ ಇದೇ ರೀತಿ ಮೆದುವಾಗಿದೆ. ಮೊದಮೊದಲು, ಒಂದು ಎಳೆಯನ್ನೂ ಬಿಡಬಾರದೆಂದು ನೆರೆಯ ಅಂಗಗಳನ್ನೂ ಸೇರಿಸಿ ಅಗಲವಾಗಿ ಕೊಯ್ಯುತ್ತಿದ್ದುದುಂಟು. ಅಂಚಿನಲ್ಲಿ ರೋಗ ಉಳಿದವರಲ್ಲಿಯೂ ಎಲ್ಲರಿಗೂ ಗಂಟು ಮರಳಿ ಬರುವುದಿಲ್ಲ, ಪೂರ್ತಿ ತೆಗೆದವರಲ್ಲಿ ಕೆಲವರಿಗೆ ಬರುತ್ತದೆ ಎಂಬುದು ಕ್ರಮೇಣ ಕಂಡುಬಂತು. ಪ್ರಾಣಕ್ಕೆ ಅಪಾಯವಿಲ್ಲದ ಗಂಟಿಗಾಗಿ ತರುಣಿಯೊಬ್ಬಳ ಮೂತ್ರಾಶಯವನ್ನೋ ತಾಯ್ತನವನ್ನೋ ಬಲಿ ಕೊಡುವುದು ಯಾವ ನ್ಯಾಯ? ಆದಷ್ಟನ್ನು ಪೂರ್ತಿಯಾಗಿ, ಆದರೆ ಅಂಗಗಳನ್ನು ಕೆಡಿಸದೆ ತೆಗೆಯುವುದು ಈಗಿನ ರೂಢಿ. ನಮಗೂ ಇದೇ ವಿವೇಕವಾಗಿ ತೋರುತ್ತದೆ. ಈ ಗಂಟಿನ ಜೀವಕೋಶಗಳಲ್ಲಿ ಬಹುಮಟ್ಟಿಗೆ ಈಸ್ಟ್ರೊಜೆನ್, ಪ್ರೊಜೆಸ್ಟರೋನ್ ಎಂಬ ಸ್ತ್ರೀ ಹಾರ್ಮೋನುಗಳನ್ನು ಹಿಡಿಯುವ ಗ್ರಾಹಕಗಳಿರುತ್ತವೆ. ಗರ್ಭಿಣಿಯರಲ್ಲಿ ಕೆಲವೊಮ್ಮೆ ಗಂಟು ಬೇಗ ಬೆಳೆಯುವುದು ಅದರಿಂದಲೇ ಇರಬೇಕು. ಅಂಡಾಶಯದ ಹಾರ್ಮೋನು ಉತ್ಪತ್ತಿಯನ್ನು ತಾತ್ಕಾಲಿಕವಾಗಿ ತಗ್ಗಿಸುವ ಔಷಧವನ್ನು ಕೊಟ್ಟು ಗಂಟನ್ನು ಕುಗ್ಗಿಸಿ ಆಮೇಲೆ ಶಸ್ತ್ರಕ್ರಿಯೆ ನಡೆಸಿದ ನಿದರ್ಶನಗಳಿವೆ; ಮರಳಿ ಬಂದ ಗಂಟನ್ನು ಔಷಧದಿಂದಲೇ ಅಡಗಿಸಿದವೂ ಇವೆ.

ಮರಳಿ ಬರುವ ಗಂಟು ಮೊದಲ ಶಸ್ತ್ರಕ್ರಿಯೆಯಾದ ಹತ್ತು ವರ್ಷಗಳ ಮೇಲೂ ಬಂದದ್ದುಂಟು. ಆದುದರಿಂದ ಇಂಥ ರೋಗಿಯನ್ನು ಗಾಯ ಮಾಯಿತೆಂದು ಮನೆಗೆ ಕಳುಹಿಸಿ ಮರೆಯುವಂತಿಲ್ಲ. ಹಲವಾರು ವರ್ಷಗಳವರೆಗೆ ಗೊತ್ತಾದ ಅಂತರದಲ್ಲಿ ಆಕೆ ಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕು, ಕಾಂತದ ಚಿತ್ರವನ್ನು ತೆಗೆಸಬೇಕು. ಮೊದಲ ಚಿತ್ರವನ್ನೂ, ರೋಗಶಾಸ್ತ್ರಜ್ಞರ ವರದಿಯನ್ನೂ ಆಕೆ ಜೋಪಾನವಾಗಿ ಇಟ್ಟುಕೊಂಡಿರಬೇಕು. ಊರು ಬದಲಾಗಿ, ಮದುವೆಯಾಗಿ ಬೇರೆಡೆಗೆ ಹೋಗಿ, ಹೊಸ ವೈದ್ಯರ ಮುಂದೆ ಕುಳಿತಾಗ ಅದೇ ಜಾಗದ ಹೊಸ ಉಬ್ಬನ್ನು ಅವರು ಬಾರ್ಥೊಲಿನ್ ಚೀಲವೆಂದು ಬರೆದುಕೊಳ್ಳುವ ಮೊದಲು ಆ ಹಳೆಯ ಕಾಗದ ಮೇಜಿನ ಮೇಲೆ ಬರಬೇಕಾಗುತ್ತದೆ.